ಬಿಸಿ, ದಟ್ಟ ಪ್ಲಾಸ್ಮಾದಲ್ಲಿ ಆಘಾತ ತರಂಗ ಸ್ಥಿರವೇ? ಲ್ಯಾಪ್‌ಟಾಪ್‌ನಲ್ಲೇ ಲೆಕ್ಕ ಹಾಕಿ ನೋಡುವ ದಾರಿ

ಲೇಸರ್ ಹೊಡೆತಕ್ಕೆ ಸಿಕ್ಕ ಅಲ್ಯುಮಿನಿಯಂ ಹಾಳೆಯೊಳಗೆ ಓಡುವ ಆಘಾತ ತರಂಗವನ್ನು (ಒತ್ತಡ, ಸಾಂದ್ರತೆ ಥಟ್ಟನೆ ಏರುವ, ಶಬ್ದಕ್ಕಿಂತ ವೇಗದ ಅಲೆ) ಪಠ್ಯಪುಸ್ತಕದಲ್ಲಿ ಒಂದು ನೇರ ಗೆರೆಯಾಗಿ ಬರೆದಿರುತ್ತಾರೆ. ನಿಜದಲ್ಲಿ ಅದು ಅಷ್ಟು ನೇರ ಇರುವುದಿಲ್ಲ. ಹಾಳೆಯ ಮೇಲ್ಮೈಯ ಉಬ್ಬುತಗ್ಗು, ಕಿರಣದ ತೀವ್ರತೆಯ ಏರುಪೇರು, ಎಲ್ಲವೂ ತರಂಗದ ಮುಖದ ಮೇಲೆ ಸುಕ್ಕು ಮೂಡಿಸುತ್ತವೆ. ಆ ಸುಕ್ಕು ತಾನಾಗಿ ಅಳಿಸಿಹೋದರೆ ತರಂಗ ಸ್ಥಿರ. ಬೆಳೆಯುತ್ತಾ ಹೋದರೆ ಅಸ್ಥಿರ. ಇವೆರಡರ ನಡುವೆ ಇನ್ನೊಂದು ಸ್ಥಿತಿಯಿದೆ: ಸುಕ್ಕು ಬೆಳೆಯುವುದೂ ಇಲ್ಲ, ಅಳಿಯುವುದೂ ಇಲ್ಲ, ತರಂಗದ ಮುಖ ಅಲುಗುತ್ತಲೇ ಇದ್ದು ತನ್ನ ಹಿಂದಕ್ಕೆ ಶಬ್ದದ ಅಲೆಗಳನ್ನು ಬಿಡುತ್ತಲೇ ಇರುತ್ತದೆ. ಇದನ್ನು ಸ್ವಯಂ ಶಬ್ದ ಉತ್ಸರ್ಜನೆ ಎನ್ನಬಹುದು. ಬಿಸಿ ಪ್ಲಾಸ್ಮಾದ (ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದಿರುವ ವಸ್ತು) ವಿಷಯಕ್ಕೆ ಬಂದರೆ ಜಗಳವೆಲ್ಲ ಈ ಮೂರನೆಯದರ ಬಗ್ಗೆಯೇ.

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳಿರುವ ರಾಷ್ಟ್ರೀಯ ಇಗ್ನಿಷನ್ ಕೇಂದ್ರದಲ್ಲಿ 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಲೇಸರ್ ಶಕ್ತಿಗೆ 3.15 ಮೆಗಾಜೂಲ್ ಸಮ್ಮಿಲನ ಶಕ್ತಿ ಬಂತು. ಅಂಥ ಪ್ರಯೋಗದಲ್ಲಿ ಇಂಧನದ ಗುಳಿಗೆಯನ್ನು ಒಳಕ್ಕೆ ಹಿಂಡುವುದು ಒಂದರ ಹಿಂದೊಂದು ಹೊತ್ತು ನೋಡಿ ಕಳಿಸುವ ಆಘಾತ ತರಂಗಗಳು. ಅವುಗಳ ಮುಖದಲ್ಲಿ ಉಳಿದ ಸುಕ್ಕು ಮುಂದೆ ರೇಲೀ-ಟೇಲರ್ ಅಸ್ಥಿರತೆಗೆ (ಹಗುರ ವಸ್ತು ಭಾರದ ವಸ್ತುವನ್ನು ತಳ್ಳುವಾಗ ನಡುವಿನ ಅಂಚು ಕಲಕಿಹೋಗುವುದು) ಬೀಜವಾಗುತ್ತದೆ.

ಭೌತಶಾಸ್ತ್ರ ಅಥವಾ ಏರೋಸ್ಪೇಸ್‌ನಲ್ಲಿ ಎಂ.ಎಸ್ಸಿ., ಎಂ.ಟೆಕ್. ಮಟ್ಟದಲ್ಲಿರುವವರು, ಪೈಥಾನ್‌ನಲ್ಲಿ ನಾಲ್ಕು ಸಾಲು ಬರೆಯಬಲ್ಲವರು ಈ ಲೆಕ್ಕವನ್ನು ತಾವೇ ಮಾಡಬಹುದು. ಸೂತ್ರಗಳು ಕಷ್ಟವಲ್ಲ. ಆದರೆ ಪ್ರಬಲ ಆಘಾತ ತರಂಗ ಯಾವಾಗಲೂ ಸ್ಥಿರತೆಯ ಗಡಿಯ ಹತ್ತಿರವೇ ಇರುತ್ತದೆ. ಹಾಗಾಗಿ ತೀರ್ಪು ಹೇಳುವುದು ಸ್ಥಿರತೆಯ ಸಿದ್ಧಾಂತವಲ್ಲ, ನೀವು ಬಳಸಿದ ಸ್ಥಿತಿ ಸಮೀಕರಣ, ಅಂದರೆ ವಸ್ತುವಿನ ಒತ್ತಡ, ಸಾಂದ್ರತೆ, ತಾಪ, ಶಕ್ತಿಗಳ ನಂಟು ಹೇಳುವ ಸೂತ್ರ. ಅದು ಹೇಗೆ ಎಂಬುದು ಲೆಕ್ಕ ಮಾಡುತ್ತಾ ಹೋದಂತೆ ಕಾಣುತ್ತದೆ.

ಮೊದಲು ಪ್ಲಾಸ್ಮಾ ಎಂಥದ್ದು ನೋಡಿಕೊಳ್ಳಿ

ಪ್ರೋಗ್ರಾಂ ತೆರೆಯುವ ಮುಂಚೆ ಕಾಗದದ ಮೇಲೆ ಒಂದು ಅಂದಾಜು ಹಾಕಿ. ಮಾಮೂಲಿ ಅಲ್ಯುಮಿನಿಯಂ, ಘನ ಸೆಂಟಿಮೀಟರಿಗೆ 2.7 ಗ್ರಾಂ. ತರಂಗದ ವೇಗ ಸೆಕೆಂಡಿಗೆ 100 ಕಿಲೋಮೀಟರ್ ಇರಲಿ, ಸಾಂದ್ರತೆ 5 ಪಟ್ಟಾಯಿತು ಎಂದುಕೊಳ್ಳಿ. ಒತ್ತಡ ಅಂದರೆ ಆರಂಭದ ಸಾಂದ್ರತೆ, ವೇಗದ ವರ್ಗ ಮತ್ತು (1 − 1/5) ಇವುಗಳ ಗುಣಲಬ್ಧ: ಸುಮಾರು 216 ಮೆಗಾಬಾರ್. ತರಂಗದ ಹಿಂದಿನ ವಸ್ತು 80 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೆ ಓಡುತ್ತದೆ. ಪ್ರಬಲ ಆಘಾತದಲ್ಲಿ ಆಂತರಿಕ ಶಕ್ತಿ ಈ ವೇಗದ ಚಲನಶಕ್ತಿಯಷ್ಟೇ ಇರುತ್ತದೆ. ಹಂಚಿ ನೋಡಿದರೆ ಪ್ರತಿ ಪರಮಾಣುವಿಗೆ ಹೆಚ್ಚುಕಡಿಮೆ 900 ಎಲೆಕ್ಟ್ರಾನ್‌ವೋಲ್ಟ್.

ಈ 900ರಲ್ಲಿ ಎಷ್ಟು ಎಲ್ಲಿ ಖರ್ಚಾಗುತ್ತದೆ? ಅಲ್ಯುಮಿನಿಯಂನ ಹೊರಗಿನ ಮೂರು ಎಲೆಕ್ಟ್ರಾನ್ ಕೀಳಲು ಒಟ್ಟು ಸುಮಾರು 53 ಎಲೆಕ್ಟ್ರಾನ್‌ವೋಲ್ಟ್ ಸಾಕು. ನಾಲ್ಕನೆಯದಕ್ಕೆ ಒಮ್ಮೆಲೇ 120 ಬೇಕು, ಐದನೆಯದಕ್ಕೆ 154, ಹೀಗೆ ಒಳಗಿನ ಎರಡನೇ ಕವಚ ಮುಗಿಯುವ ಹೊತ್ತಿಗೆ 442. ಕಟ್ಟಕಡೆಯ ಎರಡಕ್ಕೆ 2,000ಕ್ಕೂ ಹೆಚ್ಚು. ಅಂದರೆ ನಮ್ಮ ತರಂಗ ಎರಡನೇ ಕವಚದ ನಟ್ಟನಡುವೆ ಇದೆ. ಬಂದ ಶಕ್ತಿಯ ದೊಡ್ಡ ಪಾಲು ತಾಪ ಏರಿಸುವ ಬದಲು ಎಲೆಕ್ಟ್ರಾನ್ ಕೀಳುವುದಕ್ಕೇ ಹೋಗುತ್ತಿದೆ.

ಇನ್ನೆರಡು ಅಳತೆ ನೋಡಿ (ಇಲ್ಲಿ ತಾಪವನ್ನೂ ಶಕ್ತಿಯ ಅಳತೆಯಲ್ಲೇ ಹೇಳುವುದು ರೂಢಿ). ತಾಪ 80 ಎಲೆಕ್ಟ್ರಾನ್‌ವೋಲ್ಟ್, ಪ್ರತಿ ಅಯಾನಿಗೆ 5 ಬಿಡಿ ಎಲೆಕ್ಟ್ರಾನ್ ಎಂದುಕೊಂಡರೆ ಅಯಾನುಗಳ ನಡುವಿನ ವಿದ್ಯುತ್ ಶಕ್ತಿ ಅವುಗಳ ಉಷ್ಣಶಕ್ತಿಯ ಸುಮಾರು 5 ಪಟ್ಟು. ಇದು ಬಲವಾದ ಜೋಡಣೆ, ವಿರಳ ಪ್ಲಾಸ್ಮಾದ ಡಿಬೈ ಸೂತ್ರ ನಡೆಯುವುದಿಲ್ಲ. ಎಲೆಕ್ಟ್ರಾನ್‌ಗಳ ಫರ್ಮಿ ಶಕ್ತಿ (ತಣ್ಣಗಿದ್ದರೂ ದಟ್ಟಣೆಯಿಂದಲೇ ಅವುಗಳಿಗೆ ಬರುವ ಶಕ್ತಿಯ ಅಳತೆ) ಸುಮಾರು 48 ಎಲೆಕ್ಟ್ರಾನ್‌ವೋಲ್ಟ್, ಅಂದರೆ ತಾಪಕ್ಕೆ ಹತ್ತಿರ. ಹಾಗಾಗಿ ಎಲೆಕ್ಟ್ರಾನ್‌ಗಳನ್ನು ಮಾಮೂಲಿ ಅನಿಲ ಎನ್ನುವಂತಿಲ್ಲ, ಪೂರ್ತಿ ಫರ್ಮಿ ಸಮುದ್ರ ಎನ್ನುವಂತೆಯೂ ಇಲ್ಲ. ನಿಮ್ಮ ವಸ್ತುವಿಗೂ ಈ ಅಂದಾಜು ಹಾಕಿ. ಎರಡೂ ಸರಳ ಮಿತಿಗಳಿಂದ ದೂರ ಇದ್ದರೆ ನೀವಿರುವುದು ನಿಜವಾದ ಬಿಸಿ, ದಟ್ಟ ಪ್ಲಾಸ್ಮಾದಲ್ಲೇ.

ಹ್ಯೂಗೋನಿಯೊ ರೇಖೆ ಎಳೆಯಿರಿ

ರ್‍ಯಾಂಕಿನ್ 1870ರಲ್ಲಿ, ಹ್ಯೂಗೋನಿಯೊ 1880ರ ದಶಕದಲ್ಲಿ ಕೊಟ್ಟ ಶಕ್ತಿಯ ಲೆಕ್ಕವೇ ಇಲ್ಲಿಯೂ ಆಧಾರ: ಆಂತರಿಕ ಶಕ್ತಿಯ ಏರಿಕೆ = ಎರಡೂ ಬದಿಯ ಒತ್ತಡಗಳ ಸರಾಸರಿ × ಗಾತ್ರದ ಇಳಿಕೆ. ಒಂದೇ ಆರಂಭದಿಂದ ಹೊರಟ ಬೇರೆ ಬೇರೆ ಬಲದ ಆಘಾತಗಳು ವಸ್ತುವನ್ನು ತಂದು ನಿಲ್ಲಿಸುವ ಸ್ಥಿತಿಗಳನ್ನೆಲ್ಲ ಜೋಡಿಸಿದ ಗೆರೆಯೇ ಹ್ಯೂಗೋನಿಯೊ ರೇಖೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಶಾಕ್ ಟ್ಯೂಬ್ ಮುಟ್ಟಿದವರಿಗೆ ಇದು ಬಾಯಿಪಾಠ. ಅಲ್ಲಿ ಅನಿಲ, ಇಲ್ಲಿ ಪ್ಲಾಸ್ಮಾ, ಅಷ್ಟೇ ವ್ಯತ್ಯಾಸ.

ಒಂದು ಕಿವಿಮಾತು. ಸಾಂದ್ರತೆಯನ್ನು ಹಿಡಿದುಕೊಂಡು ಒತ್ತಡ ಹುಡುಕಲು ಹೋಗಬೇಡಿ. ಕವಚಗಳು ಅಯಾನೀಕರಣವಾಗುವಾಗ ರೇಖೆ ಮುಂದೆ ಹೋಗಿ ಹಿಂದೆ ತಿರುಗುತ್ತದೆ. ಒಂದೇ ಸಾಂದ್ರತೆಗೆ ಎರಡು, ಕೆಲವೊಮ್ಮೆ ನಾಲ್ಕು ಒತ್ತಡ ಸಿಗುತ್ತವೆ, ಪ್ರೋಗ್ರಾಂ ಯಾವುದೋ ಒಂದಕ್ಕೆ ಹಾರುತ್ತದೆ. ಅದರ ಬದಲು ತಾಪವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಪ್ರತಿ ತಾಪಕ್ಕೂ ಆರಂಭದ ಸಾಂದ್ರತೆಯ 1 ಪಟ್ಟಿನಿಂದ 7 ಪಟ್ಟಿನವರೆಗೆ ಹುಡುಕಿ, ಶಕ್ತಿಯ ಸಮೀಕರಣ ಸೊನ್ನೆಯಾಗುವ ಜಾಗ ಹಿಡಿಯಿರಿ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿರುವ, ಸೊನ್ನೆಯಾಗುವ ಜಾಗ ಹುಡುಕುವ ಬ್ರೆಂಟ್ ವಿಧಾನ ಧಾರಾಳವಾಗಿ ಸಾಕು. ತಾಪದ ಮೆಟ್ಟಿಲು ಲಾಗರಿದಮ್‌ನಲ್ಲಿ ಸಮನಾಗಿರಲಿ.

ರೇಖೆ ಸರಿಯಾಗಿದೆಯೇ ಎಂದು ನೋಡಲು ಒಂದು ಸುಲಭ ಸೂತ್ರವಿದೆ. ಪ್ರಬಲ ಆಘಾತದಲ್ಲಿ, ಸಾಂದ್ರತೆಯ ಪಟ್ಟು = 4 + 3 × (ಅಯಾನೀಕರಣದಂಥ ಒಳಖರ್ಚು ÷ ಕಣಗಳ ಚಲನೆಯ ಉಷ್ಣಶಕ್ತಿ). ಒಳಖರ್ಚು ಇಲ್ಲದಿದ್ದರೆ 4, ಅದು ಉಷ್ಣಶಕ್ತಿಯ ಅರ್ಧದಷ್ಟಿದ್ದರೆ 5.5. ಎಲ್ಲ ಎಲೆಕ್ಟ್ರಾನ್‌ಗಳೂ ಕಿತ್ತುಹೋದ ಮೇಲೆ ತಾಪ ಏರಿದಂತೆಲ್ಲ ಒಳಖರ್ಚಿನ ಪಾಲು ಸಣ್ಣದಾಗಿ ರೇಖೆ ಮತ್ತೆ 4ರ ಕಡೆಗೆ ಬರಲೇಬೇಕು. ನಿಮ್ಮದು ಬರದಿದ್ದರೆ ಮುಂದೆ ಹೋಗಬೇಡಿ, ಪ್ರೋಗ್ರಾಂನಲ್ಲಿ ದೋಷವಿದೆ.

ದ್ಯಾಕೋವ್ ಸಂಖ್ಯೆ ಮತ್ತು ಅದರ ಗಡಿ

ಆಘಾತ ತರಂಗದ ಸ್ಥಿರತೆಯ ಪರೀಕ್ಷೆಯನ್ನು ಸೋವಿಯತ್ ಒಕ್ಕೂಟದಲ್ಲಿ ದ್ಯಾಕೋವ್ 1954ರಲ್ಲಿ ಕೊಟ್ಟರು, ಕೊಂಟೊರೊವಿಚ್ 1957ರಲ್ಲಿ ಅದರ ಗಡಿಯನ್ನು ತಿದ್ದಿದರು. ಬೇಕಾದದ್ದು ಮೂರೇ ಸಂಖ್ಯೆ, ಮೂರೂ ತರಂಗದ ಹಿಂಬದಿಯವು:

ನ: ಸಾಂದ್ರತೆಯ ಪಟ್ಟು.
ಮ: ತರಂಗದ ಜೊತೆ ಕೂತು ನೋಡಿದಾಗ ಹಿಂದಿನ ವಸ್ತುವಿನ ಮ್ಯಾಕ್ ಸಂಖ್ಯೆ (ವೇಗ ÷ ಶಬ್ದವೇಗ). ಇದು ಯಾವಾಗಲೂ 1ಕ್ಕಿಂತ ಕಡಿಮೆ.
ಗ: ಗ್ರುನೈಸನ್ ಸಂಖ್ಯೆ. ಗಾತ್ರ ಬದಲಾಗದಂತೆ ಶಕ್ತಿ ತುಂಬಿದರೆ ಒತ್ತಡ ಎಷ್ಟು ಏರುತ್ತದೆ ಎಂಬುದರ ಅಳತೆ.

ದ್ಯಾಕೋವ್ ಸಂಖ್ಯೆಯನ್ನು ಹ ಎನ್ನೋಣ. ಅದರ ಮೂಲ ಅರ್ಥ, ದ್ರವ್ಯಪ್ರವಾಹದ (ತರಂಗದ ಮುಖದ ಒಂದು ಚದರ ಅಳತೆಯನ್ನು ಸೆಕೆಂಡಿಗೆ ದಾಟುವ ದ್ರವ್ಯರಾಶಿ) ವರ್ಗವನ್ನು ಹ್ಯೂಗೋನಿಯೊ ರೇಖೆಯ ಮೇಲೆ ಒತ್ತಡದೊಂದಿಗೆ ಗಾತ್ರ ಬದಲಾಗುವ ದರದಿಂದ ಗುಣಿಸಿದ್ದು. ಹೆಚ್ಚಿನವರು ರೇಖೆಯ ಅಕ್ಕಪಕ್ಕದ ಬಿಂದುಗಳನ್ನು ಕಳೆದು ಈ ದರ ತೆಗೆಯುತ್ತಾರೆ, ಅಲ್ಲೇ ಗದ್ದಲ ಶುರುವಾಗುತ್ತದೆ. ಅದರ ಅಗತ್ಯವೇ ಇಲ್ಲ. ಶಕ್ತಿಯ ಸಮೀಕರಣವನ್ನು ಒಮ್ಮೆ ಅವಕಲನ ಮಾಡಿದರೆ ಇದು ಸಿಗುತ್ತದೆ:

ಕ = ಗ × (ನ − 1) ÷ 2
ಹ = ಮ² × (ಕ − 1) ÷ (1 − ಮ² × ಕ)

ಇದು ಅಂದಾಜಲ್ಲ, ಆರಂಭದ ಒತ್ತಡ ಎಷ್ಟೇ ಇದ್ದರೂ ನಿಖರ. ಕೊಂಟೊರೊವಿಚ್ ಗಡಿ ಹೀಗೆ:

ಗಡಿ = [1 − ಮ²(1 + ನ)] ÷ [1 + ಮ²(ನ − 1)]

ಓದುವ ಕ್ರಮ: ಹ −1ಕ್ಕಿಂತ ಹೆಚ್ಚು, ಗಡಿಗಿಂತ ಕಡಿಮೆ ಇದ್ದರೆ ಸ್ಥಿರ. ಗಡಿಗಿಂತ ಹೆಚ್ಚು, 1 + 2ಮ ಗಿಂತ ಕಡಿಮೆ ಇದ್ದರೆ ಸ್ವಯಂ ಶಬ್ದ ಉತ್ಸರ್ಜನೆ. −1ಕ್ಕಿಂತ ಕೆಳಗೆ ಅಥವಾ 1 + 2ಮ ಗಿಂತ ಮೇಲೆ ಹೋದರೆ ನಿಜವಾದ ಅಸ್ಥಿರತೆ. ಆದರೆ −1ರ ಕಡೆಯ ಅಂಚು ಬರುವುದು ಕಬ್ಬಿಣ 13 ಗಿಗಾಪಾಸ್ಕಲ್ ಹತ್ತಿರ ಸ್ಫಟಿಕರೂಪ ಬದಲಿಸಿ ತರಂಗ ಎರಡಾಗಿ ಸೀಳುವಂಥ ಕಡೆ. ಮೇಲಿನ ಅಂಚು ಬಿಸಿ ಪ್ಲಾಸ್ಮಾದಿಂದ ಬಲು ದೂರ. ಇವೆರಡಕ್ಕೂ ಎಚ್ಚರಿಕೆಯ ಒಂದು ಸಾಲನ್ನು ಪ್ರೋಗ್ರಾಂನಲ್ಲಿ ಇಟ್ಟು ಮರೆತುಬಿಡಿ.

ಆದರ್ಶ ಅನಿಲದಲ್ಲಿ ಪರೀಕ್ಷಿಸಿ

ಆದರ್ಶ ಅನಿಲಕ್ಕೆ ಇವೆರಡೂ ಕಣ್ಣಿಗೆ ಹಬ್ಬವೆನ್ನುವಷ್ಟು ಸರಳವಾಗುತ್ತವೆ. ಮುಂಬದಿಯ ಮ್ಯಾಕ್ ಸಂಖ್ಯೆಯ ವರ್ಗವನ್ನು ವ ಎಂದರೆ ಹ = −1/ವ, ಗಡಿ = −1/(2ವ − 1). ಅನಿಲ ಏಕಪರಮಾಣುವೋ ದ್ವಿಪರಮಾಣುವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ವ = 10 ಹಾಕಿ. ಏಕಪರಮಾಣು ಅನಿಲಕ್ಕೆ ನ = 3.077, ಮ² = 0.2653, ಗ = 2/3 ಬರಬೇಕು. ಮೇಲಿನ ಸಾಮಾನ್ಯ ಸೂತ್ರಕ್ಕೆ ಇವನ್ನು ತುಂಬಿದರೆ ಹ = −0.1, ಗಡಿ = −0.0526. ನಿಮ್ಮ ಪ್ರೋಗ್ರಾಂ ಇದನ್ನು ನಾಲ್ಕನೇ ದಶಮಾಂಶದವರೆಗೆ ಕೊಡಬೇಕು.

ಈಗ ವ = 100 ಹಾಕಿ. ಹ = −0.01, ಗಡಿ = −0.005. ಆದರ್ಶ ಅನಿಲ ಯಾವಾಗಲೂ ಸ್ಥಿರ ಎಂಬುದೇನೋ ನಿಜ, ಆದರೆ ಅಂತರ ನೋಡಿ: 0.047 ಇದ್ದದ್ದು 0.005ಕ್ಕೆ ಇಳಿಯಿತು. ತರಂಗ ಪ್ರಬಲವಾದಷ್ಟೂ ಹ ಮತ್ತು ಗಡಿ ಎರಡೂ ಸೊನ್ನೆಗೆ ಹತ್ತಿರವಾಗಿ ಒಂದನ್ನೊಂದು ಮುಟ್ಟುವಂತಾಗುತ್ತವೆ. ಅತಿ ಪ್ರಬಲ ತರಂಗ ಹೊಸ್ತಿಲ ಮೇಲೆ ನಿಂತವನ ಹಾಗೆ, ಒಳಗೋ ಹೊರಗೋ ಎಂದು ನಿರ್ಧರಿಸಲು ಒಂದು ಸಣ್ಣ ನೂಕು ಸಾಕು. ಸುಕ್ಕಿನ ನಡವಳಿಕೆಯಲ್ಲೂ ಇದು ಕಾಣುತ್ತದೆ. ಸ್ಥಿರ ವಲಯದಲ್ಲಿ ಅಲುಗಾಟ ಕಾಲದ −3/2 ಘಾತದಂತೆ ಬೇಗ ತಗ್ಗುತ್ತದೆ, ಗಡಿಯ ಮೇಲೆ −1/2 ಘಾತದಂತೆ ನಿಧಾನಕ್ಕೆ. ಗಡಿ ದಾಟಿದರೆ ತಗ್ಗುವುದೇ ಇಲ್ಲ.

ಪ್ರಬಲ ಆಘಾತಕ್ಕೆ ಒಂದೇ ಸಾಲಿನ ಪರೀಕ್ಷೆ

ಘನ ಅಲ್ಯುಮಿನಿಯಂ, ಬೆರಿಲಿಯಂ, ತಾಮ್ರದಂಥವುಗಳಿಂದ ಹೊರಟರೆ ಆರಂಭದ ಒತ್ತಡವನ್ನು ಸೊನ್ನೆ ಎನ್ನಬಹುದು. ಆಗ ಮೇಲಿನ ಸೂತ್ರಗಳು ಇನ್ನೂ ಕುಗ್ಗುತ್ತವೆ. ಇನ್ನೊಂದು ಸಂಖ್ಯೆ ಸೇರಿಸಿಕೊಳ್ಳಿ. ಘ: ಎಂಟ್ರೊಪಿ ಬದಲಾಗದೆ ಒತ್ತಿದಾಗಿನ ಘಾತ, ಅಂದರೆ ಸಾಂದ್ರತೆ × ಶಬ್ದವೇಗದ ವರ್ಗ ÷ ಒತ್ತಡ. ಆಗ ಮ² = 1 ÷ [ಘ(ನ − 1)]. ಇದನ್ನು ಹ ಮತ್ತು ಗಡಿ ಎರಡರಲ್ಲೂ ತುಂಬಿ ಹೋಲಿಸಿದರೆ ಉದ್ದನೆಯ ಬೀಜಗಣಿತವೆಲ್ಲ ಕರಗಿ ಇಷ್ಟೇ ಉಳಿಯುತ್ತದೆ:

ಗ ಎಂಬುದು ಘ − 1ಕ್ಕಿಂತ ಹೆಚ್ಚಿದ್ದರೆ ಶಬ್ದ ಉತ್ಸರ್ಜನೆ, ಕಡಿಮೆಯಿದ್ದರೆ ಸ್ಥಿರ.

ಕೈಯಲ್ಲೇ ಮಾಡಿ ನೋಡಿ, ಒಂದು ಪುಟದ ಕೆಲಸ. ಆದರ್ಶ ಅನಿಲದಲ್ಲಿ ಗ ಮತ್ತು ಘ − 1 ಸರಿಸಮ, ಹಾಗಾಗಿಯೇ ಅದು ಸರಿಯಾಗಿ ಗಡಿಯ ಮೇಲೆ ಬಂದು ನಿಂತದ್ದು.

ಊಹೆಯ ಅಂಕಿ ಇಟ್ಟು ನೋಡೋಣ. ನ = 5.2, ಘ = 1.30. ಗಡಿ −0.0766 ಬರುತ್ತದೆ. ಗ = 0.28 ಆದರೆ ಹ = −0.0846, ಸ್ಥಿರ. ಗ = 0.32 ಆದರೆ ಹ = −0.0685, ಗಡಿ ದಾಟಿತು. ಗ್ರುನೈಸನ್ ಸಂಖ್ಯೆಯಲ್ಲಿ 0.04ರ ಬದಲಾವಣೆ ತೀರ್ಪನ್ನೇ ತಿರುಗಿಸಿತು. ಈ ಹದದಲ್ಲಿ ಎರಡು ಒಳ್ಳೆಯ ಸ್ಥಿತಿ ಸಮೀಕರಣಗಳ ನಡುವೆಯೇ ಅಷ್ಟು ವ್ಯತ್ಯಾಸ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ.

ಇದೇ ಉದಾಹರಣೆ ಇನ್ನೊಂದು ನಂಬಿಕೆಯನ್ನೂ ಮುರಿಯುತ್ತದೆ. ಹ್ಯೂಗೋನಿಯೊ ರೇಖೆ ಹಿಂದೆ ತಿರುಗಿದರೆ, ಅಂದರೆ ಹ ಧನಾತ್ಮಕವಾದರೆ ಮಾತ್ರ ಉತ್ಸರ್ಜನೆ ಎಂದು ಹಲವರು ಸುಲಭಕ್ಕೆ ಹೇಳಿಬಿಡುತ್ತಾರೆ. ಮೇಲೆ ಹ ಋಣಾತ್ಮಕವಾಗಿದ್ದೇ ಗಡಿ ದಾಟಿದೆ. ಇನ್ನು ನ = 5.2, ಘ = 1.62, ಗ = 0.60 ಇಡಿ. ರೇಖೆ ಹಿಂದೆ ತಿರುಗಿದೆ, ಹ = +0.047, ಆದರೆ ಗಡಿ 0.055ಕ್ಕೆ ಏರಿದೆ, ತರಂಗ ಸ್ಥಿರವೇ. ರೇಖೆಯ ಆಕಾರ ನೋಡಿ ತೀರ್ಪು ಕೊಡಬೇಡಿ.

ಅಯಾನೀಕರಣ ಯಾವ ಕಡೆಗೆ ನೂಕುತ್ತದೆ?

ಇದು ನನಗೆ ಈ ಲೆಕ್ಕದಲ್ಲೇ ಅತ್ಯಂತ ಇಷ್ಟವಾದ ಭಾಗ. ಮೇಲಿನ ಪರೀಕ್ಷೆಯನ್ನು ಇನ್ನೊಂದು ರೂಪದಲ್ಲಿ ಬರೆಯಬಹುದು: ಶಕ್ತಿ ಒಂದಿಷ್ಟೂ ಬದಲಾಗದಂತೆ ಪ್ಲಾಸ್ಮಾವನ್ನು ಸ್ವಲ್ಪ ಹಿಗ್ಗಲು ಬಿಡಿ, ನಿರ್ವಾತಕ್ಕೆ ಅನಿಲ ಬಿಟ್ಟ ಹಾಗೆ. ಆಗ ಒತ್ತಡ ಮತ್ತು ಗಾತ್ರದ ಗುಣಲಬ್ಧ ಏರಿದರೆ ಉತ್ಸರ್ಜನೆ, ಇಳಿದರೆ ಸ್ಥಿರ.

ಈಗ ಒಟ್ಟು ಶಕ್ತಿ ಅಂದರೆ ಉಷ್ಣ ಚಲನೆ ಮತ್ತು ಅಯಾನೀಕರಣದ ಖರ್ಚು ಎಂಬ ಸರಳ ಮಾದರಿ ತೆಗೆದುಕೊಳ್ಳಿ. ವಿರಳ ಪ್ಲಾಸ್ಮಾದಲ್ಲಿ, ಯಾವ ತಾಪ, ಸಾಂದ್ರತೆಗೆ ಎಷ್ಟು ಅಯಾನೀಕರಣ ಎಂದು ಹೇಳುವ ಸಹಾ ಸಮೀಕರಣ ನಡೆಯುತ್ತದೆ (ಮೇಘನಾದ ಸಹಾ ಇದನ್ನು ಪ್ರಕಟಿಸಿದ್ದು 1920ರಲ್ಲಿ). ಅಲ್ಲಿ ಹಿಗ್ಗಿದರೆ ಬಿಡಿ ಎಲೆಕ್ಟ್ರಾನ್‌ಗಳು ಹೆಚ್ಚುತ್ತವೆ. ಖರ್ಚು ಏರುತ್ತದೆ, ಚಲನೆಗೆ ಉಳಿಯುವುದು ಕಡಿಮೆ, ಗುಣಲಬ್ಧ ಇಳಿಯುತ್ತದೆ: ಸ್ಥಿರದ ಕಡೆ. ಅಯಾನೀಕರಣ ಬರೀ ತಾಪವನ್ನೇ ಅವಲಂಬಿಸಿದೆ ಎಂದು ಬರೆದುಕೊಂಡರೆ ಗುಣಲಬ್ಧ ಬದಲಾಗುವುದೇ ಇಲ್ಲ, ತರಂಗ ಗಡಿಯ ಮೇಲೆ ಕೂತುಬಿಡುತ್ತದೆ. ಕ್ಲಾಸಿನ ಪ್ರಾಜೆಕ್ಟುಗಳಲ್ಲಿ ಇಂಥ ಮಾದರಿಯನ್ನೇ ಹಾಕಿ, ಬಂದ ಸಂಖ್ಯಾದೋಷವನ್ನು ಭೌತಶಾಸ್ತ್ರ ಎಂದು ಓದುವುದು ಸುಲಭ. ಜೋಕೆ.

ದಟ್ಟ ಪ್ಲಾಸ್ಮಾದಲ್ಲಿ ಚಿತ್ರ ತಿರುಗಬಹುದು. ಅಲ್ಲಿ ಪಕ್ಕದ ಅಯಾನುಗಳು ಒತ್ತಿ ಹೊರಗಿನ ಎಲೆಕ್ಟ್ರಾನ್‌ಗಳನ್ನು ಬಿಡಿಸಿರುತ್ತವೆ. ಹಿಗ್ಗಿದರೆ ಆ ಒತ್ತು ಸಡಿಲಾಗಿ ಎಲೆಕ್ಟ್ರಾನ್‌ಗಳು ಮತ್ತೆ ಅಂಟಿಕೊಳ್ಳಬಹುದು, ಬಿಡುಗಡೆಯಾದ ಶಕ್ತಿ ಚಲನೆಗೆ ಹೋಗಿ ಗುಣಲಬ್ಧ ಏರುತ್ತದೆ. ಅಂದರೆ ಯಾವುದೇ ಅಯಾನೀಕರಣ ಸಾಲದು, ಸಾಂದ್ರತೆಯೊಂದಿಗೆ ಅದು ಯಾವ ದಿಕ್ಕಿಗೆ ಬದಲಾಗುತ್ತದೆ ಎಂಬುದೇ ಮುಖ್ಯ.

ಭಾಭಾ ಅಣು ಸಂಶೋಧನಾ ಕೇಂದ್ರದ ಸಂಶೋಧಕರು 2011ರಲ್ಲಿ ಅಲ್ಯುಮಿನಿಯಂ ಮತ್ತು ಬೆರಿಲಿಯಂಗೆ ಈ ಪರೀಕ್ಷೆ ಮಾಡಿ ಪ್ರಕಟಿಸಿದ ಲೆಕ್ಕ ಇಲ್ಲಿ ನೆನಪಾಗಬೇಕು. ಬಂಧಿತ ಎಲೆಕ್ಟ್ರಾನ್‌ಗಳ ಕವಚ, ಉಪಕವಚಗಳನ್ನು ಸರಿಯಾಗಿ ಸೇರಿಸಿದಾಗ ಅಲ್ಯುಮಿನಿಯಂನಲ್ಲಿ ಗಡಿ ದಾಟುವುದು ಸಾಂದ್ರತೆ ಸುಮಾರು 5.4 ಪಟ್ಟಾದಾಗ ಎಂದು ಅವರಿಗೆ ಸಿಕ್ಕಿತು. ಅದಕ್ಕೆ ಮೊದಲು ಪ್ರಕಟವಾಗಿದ್ದ ಸಂಖ್ಯೆ ಸುಮಾರು 3. ಎರಡೂ ಕಡೆ ದ್ಯಾಕೋವ್-ಕೊಂಟೊರೊವಿಚ್ ಪರೀಕ್ಷೆ ಒಂದೇ, ಬದಲಾದದ್ದು ಸ್ಥಿತಿ ಸಮೀಕರಣ.

ಸ್ಥಿತಿ ಸಮೀಕರಣ ಕಟ್ಟುವಾಗ

ಲಾಸ್ ಅಲಾಮೋಸ್‌ನ ಸೆಸಮಿ ಎಂಬ ಸಿದ್ಧ ಸ್ಥಿತಿ ಸಮೀಕರಣ ಕೋಷ್ಟಕಗಳಂಥವು ಸಿಕ್ಕರೆ ಒಳ್ಳೆಯದೇ, ಆದರೆ ಕೋಷ್ಟಕವನ್ನು ಸರಳರೇಖೆಯಲ್ಲಿ ತುಂಬಿ ಬಳಸಬೇಡಿ. ಒತ್ತಡ ನುಣುಪಾಗಿ ಕಂಡರೂ ಅದರ ಅವಕಲನ ಮೆಟ್ಟಿಲಿನಂತೆ ಹಾರುತ್ತದೆ. ನಮಗೆ ಬೇಕಾದ ಗ ಮತ್ತು ಘ ಎರಡೂ ಅವಕಲನದಿಂದಲೇ ಬರುವಂಥವು.

ಅತ್ಯುತ್ತಮ ದಾರಿ, ಎಲ್ಲವನ್ನೂ ಒಂದೇ ಹೆಲ್ಮ್‌ಹೋಲ್ಟ್ಸ್ ಮುಕ್ತಶಕ್ತಿಯಿಂದ ತೆಗೆಯುವುದು. ಮೂರು ತುಂಡು ಕೂಡಿಸಿ: ತಣ್ಣನೆಯ ವಸ್ತುವಿನ ಭಾಗ, ಅಯಾನುಗಳ ಭಾಗ, ಎಲೆಕ್ಟ್ರಾನ್‌ಗಳ ಭಾಗ. ಬಿಡಿ ಎಲೆಕ್ಟ್ರಾನ್‌ಗಳಿಗೆ ಫರ್ಮಿ-ಡಿರಾಕ್ ಅನುಕಲಗಳು. ಬಂಧಿತ ಎಲೆಕ್ಟ್ರಾನ್‌ಗಳಿಗೆ ಕವಚಗಳನ್ನು ಗುರುತಿಸಬಲ್ಲ ಮಾದರಿ ಇರಲಿ. ಬರೀ ಥಾಮಸ್-ಫರ್ಮಿ ಹಾಕಿದರೆ ಅದಕ್ಕೆ ಕವಚಗಳೇ ಗೊತ್ತಿಲ್ಲ, ನೀವು ಹುಡುಕುತ್ತಿರುವ ವಿಷಯವನ್ನೇ ಒರೆಸಿಹಾಕುತ್ತದೆ. ಮೊದಲ ಸಲಕ್ಕೆ ಪರವಾಗಿಲ್ಲ, ಹೋಲಿಕೆಗೂ ಬೇಕು, ಆದರೆ ಅದರ ತೀರ್ಪನ್ನು ನಂಬಬೇಡಿ.

ಅವಕಲನಗಳನ್ನು ತಾಪ ಮತ್ತು ಸಾಂದ್ರತೆಯ ಮೇಲೆ ತೆಗೆಯಿರಿ. ಗ = ಗಾತ್ರ × (ತಾಪದೊಂದಿಗೆ ಒತ್ತಡ ಬದಲಾಗುವ ದರ) ÷ ವಿಶಿಷ್ಟೋಷ್ಣ. ಶಬ್ದವೇಗದ ವರ್ಗಕ್ಕೆ ಎರಡು ಭಾಗ: ಸಮತಾಪದಲ್ಲಿ ಸಾಂದ್ರತೆಯೊಂದಿಗೆ ಒತ್ತಡ ಬದಲಾಗುವ ದರ, ಅದಕ್ಕೆ ತಾಪ × (ತಾಪದೊಂದಿಗೆ ಒತ್ತಡ ಬದಲಾಗುವ ದರದ ವರ್ಗ) ÷ (ಸಾಂದ್ರತೆಯ ವರ್ಗ × ವಿಶಿಷ್ಟೋಷ್ಣ) ಕೂಡಿಸಿ. ಇಲ್ಲಿನ ವಿಶಿಷ್ಟೋಷ್ಣ ಪ್ರತಿ ಗ್ರಾಂಗೆ, ಗಾತ್ರವೂ ಪ್ರತಿ ಗ್ರಾಂಗೆ. ಅಯಾನೀಕರಣ ಬದಲಾಗುವುದೂ ಈ ದರಗಳಲ್ಲಿ ಸೇರಿರಬೇಕು. ಅಯಾನೀಕರಣವನ್ನು ಸ್ಥಗಿತ ಮಾಡಿ ಶಬ್ದವೇಗ ತೆಗೆದರೆ ಘ 5/3ರ ಕಡೆಗೆ ಹಾರಿ ತರಂಗ ಸುಳ್ಳೇ ಸ್ಥಿರವಾಗಿ ಕಾಣುತ್ತದೆ.

ಬಿಡಲೇಬಾರದ ಒಂದು ಪರೀಕ್ಷೆಯಿದೆ. ಸಮತಾಪದಲ್ಲಿ ಗಾತ್ರದೊಂದಿಗೆ ಶಕ್ತಿ ಬದಲಾಗುವ ದರ = ತಾಪ × (ತಾಪದೊಂದಿಗೆ ಒತ್ತಡ ಬದಲಾಗುವ ದರ) − ಒತ್ತಡ. ಎರಡೂ ಬದಿಯನ್ನು ಬೇರೆ ಬೇರೆ ಲೆಕ್ಕ ಮಾಡಿ, ವ್ಯತ್ಯಾಸವನ್ನು ಒತ್ತಡದಿಂದ ಭಾಗಿಸಿ ರೇಖೆಯುದ್ದಕ್ಕೂ ಬಿಡಿಸಿ. ಈ ವ್ಯತ್ಯಾಸ ಶೇಕಡ 1 ಇದ್ದು, ಗ ಮತ್ತು ಘ − 1ರ ಅಂತರವೂ 0.01ರಷ್ಟೇ ಇದ್ದರೆ ನಿಮ್ಮ ಬಳಿ ಫಲಿತಾಂಶ ಇಲ್ಲ. ಶಕ್ತಿಯನ್ನು ಒಂದು ಮಾದರಿಯಿಂದ, ಒತ್ತಡವನ್ನು ಇನ್ನೊಂದರಿಂದ ತಂದು ಹೊಲಿದವರು ಸಿಕ್ಕಿಬೀಳುವುದು ಇಲ್ಲೇ.

ವಿಕಿರಣ ಸೇರಿಸಬೇಕೇ? ಬಹುಪಾಲು ಬೇಡ. 1 ಕಿಲೋಎಲೆಕ್ಟ್ರಾನ್‌ವೋಲ್ಟ್ ತಾಪದಲ್ಲಿ ವಿಕಿರಣದ ಒತ್ತಡ ಸುಮಾರು 46 ಮೆಗಾಬಾರ್, ಅದೇ ಹೊತ್ತಿಗೆ 5 ಪಟ್ಟು ಒತ್ತಿದ ಅಲ್ಯುಮಿನಿಯಂನ ಒತ್ತಡ ಸಾವಿರಾರು ಮೆಗಾಬಾರ್. ತಾಪದ ನಾಲ್ಕನೇ ಘಾತದಂತೆ ಬೆಳೆಯುವುದರಿಂದ ತುಂಬ ಭಾರದ ನಕ್ಷತ್ರಗಳೊಳಗೆ ಅದು ಗೆಲ್ಲುತ್ತದೆ, ಆಗ ರೇಖೆ 4ರಿಂದ 7ರ ಕಡೆ ಹೊರಡುತ್ತದೆ. ಹಾಳೆಯಂಥ ತೆಳು ಗುರಿಯಲ್ಲಿ ವಿಕಿರಣ ವಸ್ತುವಿನೊಂದಿಗೆ ಸಮತೋಲನಕ್ಕೆ ಬರುವ ಮೊದಲೇ ಹೊರಗೆ ಸೋರಿಹೋಗುತ್ತದೆ.

ಸಿಮ್ಯುಲೇಷನ್‌ನಲ್ಲಿ ಸುಕ್ಕು ಕಂಡರೆ

ಲೆಕ್ಕ ಮುಗಿದ ಮೇಲೆ ಎರಡು ಆಯಾಮದ ದ್ರವಚಲನೆಯ ಸಿಮ್ಯುಲೇಷನ್ ಓಡಿಸುವ ಆಸೆ ಆಗುತ್ತದೆ. ಓಡಿಸಿ, ಆದರೆ ಒಂದು ವಿಷಯ ತಿಳಿದಿರಲಿ. ತರಂಗದ ಮುಖ ಲೆಕ್ಕದ ಜಾಲದ (ಗ್ರಿಡ್) ಗೆರೆಗೆ ಸಮಾನಾಂತರವಾಗಿದ್ದರೆ ರೋ ವಿಧಾನದಂಥ ಕಡಿಮೆ ಸವೆತದ ಸಂಖ್ಯಾವಿಧಾನಗಳು ಆದರ್ಶ ಅನಿಲದಲ್ಲೂ ಸುಕ್ಕು ಹುಟ್ಟಿಸುತ್ತವೆ. ಇದಕ್ಕೆ ಕಾರ್ಬಂಕಲ್ ಎಂಬ ಹೆಸರೇ ಇದೆ. ಆದರ್ಶ ಅನಿಲ ಸ್ಥಿರ ಎಂದು ಆಗಲೇ ನೋಡಿದೆವಲ್ಲ, ಹಾಗಾಗಿ ಮೊದಲ ಓಟ ಅದರಲ್ಲೇ ಇರಲಿ. ಅಲ್ಲಿ ಸುಕ್ಕು ತಗ್ಗದಿದ್ದರೆ ದೋಷ ನಿಮ್ಮ ವಿಧಾನದ್ದು. ಜಾಲವನ್ನು ಒಂದಿಷ್ಟು ಓರೆ ಮಾಡಿ ಮತ್ತೆ ಓಡಿಸಿ, ಜಾಲದ ಅಳತೆ ಅರ್ಧ ಮಾಡಿ ಇನ್ನೊಮ್ಮೆ ಓಡಿಸಿ. ಭೌತಿಕ ಅಲುಗಾಟದ ಅವಧಿ ಸುಕ್ಕಿನ ಅಲೆಯುದ್ದವನ್ನು ಹಿಂಬಾಲಿಸುತ್ತದೆ, ಸಂಖ್ಯಾದೋಷ ಜಾಲದ ಅಳತೆಯನ್ನು ಹಿಂಬಾಲಿಸುತ್ತದೆ.

ಪ್ರಯೋಗದಲ್ಲಿ ಕಾಣುತ್ತದೆಯೇ?

ನಮ್ಮ ಮೊದಲ ಅಂದಾಜಿಗೇ ಬನ್ನಿ. ತರಂಗ 100 ಮೈಕ್ರೋಮೀಟರ್ ದಪ್ಪದ ಹಾಳೆಯನ್ನು ದಾಟಲು 1 ನ್ಯಾನೋಸೆಕೆಂಡ್. ಹಿಂಬದಿಯ ಶಬ್ದವೇಗ ಸೆಕೆಂಡಿಗೆ 45 ಕಿಲೋಮೀಟರ್ ಆಸುಪಾಸು. ಹಾಳೆಯ ಮೇಲೆ 50 ಮೈಕ್ರೋಮೀಟರ್ ಅಲೆಯುದ್ದದ ಸುಕ್ಕು ಕೆತ್ತಿದರೆ ಅದು ಒಮ್ಮೆ ಅಲುಗಲು ಬೇಕಾದ್ದೂ ಸುಮಾರು 1 ನ್ಯಾನೋಸೆಕೆಂಡ್. ಒಂದೇ ಅಲುಗಾಟ ನೋಡಿ ಅದು −3/2 ಘಾತದಂತೆ ತಗ್ಗಿತೋ, −1/2ರಂತೆ ತಗ್ಗಿತೋ, ತಗ್ಗಲೇ ಇಲ್ಲವೋ ಎಂದು ಯಾರಿಗೂ ಹೇಳಲಾಗದು. ಅಲೆಯುದ್ದವನ್ನು 10 ಮೈಕ್ರೋಮೀಟರಿಗೆ ಇಳಿಸಿದರೆ ನಾಲ್ಕೈದು ಅಲುಗಾಟ ಸಿಗುತ್ತವೆ. ಆದರೆ ಆಘಾತ ಮೊದಲು ಕಾಯಿಸುವುದು ಅಯಾನುಗಳನ್ನು, ಎಲೆಕ್ಟ್ರಾನ್‌ಗಳು ಆ ತಾಪಕ್ಕೆ ಬರಲು ಹೊತ್ತು ಬೇಕು, ಅವುಗಳ ಉಷ್ಣವಹನ ತರಂಗದ ಮುಂದಕ್ಕೂ ಶಾಖ ಚಾಚುತ್ತದೆ. ಈ ಪದರದ ದಪ್ಪ ಸುಕ್ಕಿನ ಅಲೆಯುದ್ದಕ್ಕಿಂತ ಬಹಳ ಕಡಿಮೆ ಇದ್ದರೆ ಮಾತ್ರ ತರಂಗವನ್ನು ಒಂದು ಗೆರೆ ಎಂದುಕೊಂಡ ಈ ಸಿದ್ಧಾಂತ ಅನ್ವಯಿಸುತ್ತದೆ. ಅಲೆಯುದ್ದ ಆಯ್ಕೆ ಮಾಡುವ ಮುಂಚೆ ಎರಡೂ ಕಡೆಯ ಮಿತಿ ಲೆಕ್ಕ ಹಾಕಿ. ತರಂಗದ ವೇಗವನ್ನು ವಿಸಾರ್ ಎಂಬ ವೇಗಮಾಪಕ ಇಂಟರ್‌ಫೆರೋಮೀಟರ್‌ನಿಂದ, ಮುಖದ ಆಕಾರವನ್ನು ಎಕ್ಸ್-ರೇ ಚಿತ್ರದಿಂದ ಅಳೆಯುವುದು ರೂಢಿ. ನನ್ನ ಮಟ್ಟಿಗೆ, ಇಂಥ ಗುರಿಗಳಲ್ಲಿ ಅಲುಗಾಟವನ್ನು ನೇರ ಹಿಡಿಯುವುದಕ್ಕಿಂತ ಹ್ಯೂಗೋನಿಯೊ ರೇಖೆಯನ್ನೂ ಶಬ್ದವೇಗವನ್ನೂ ಚೆನ್ನಾಗಿ ಅಳೆದು ಗ, ಘ ಎರಡನ್ನೂ ಬಿಗಿ ಮಾಡಿಕೊಳ್ಳುವುದೇ ಲಾಭದ ದಾರಿ.

ವರದಿ ಬರೆಯುವಾಗ "ತರಂಗ ಇಷ್ಟು ಪಟ್ಟಿನಲ್ಲಿ ಅಸ್ಥಿರ" ಎಂದು ಒಂದೇ ಸಂಖ್ಯೆ ಕೊಡಬೇಡಿ. ಹ್ಯೂಗೋನಿಯೊ ರೇಖೆಯುದ್ದಕ್ಕೂ ಗ − (ಘ − 1) ಎಷ್ಟಿದೆ ಎಂಬ ಚಿತ್ರ ಹಾಕಿ, ಅದರ ಸುತ್ತ ಸ್ಥಿತಿ ಸಮೀಕರಣದ ಅನಿಶ್ಚಿತತೆಯ ಪಟ್ಟಿ ಎಳೆಯಿರಿ, ಅದಕ್ಕೆ ಕನಿಷ್ಠ ಎರಡು ಬೇರೆ ಎಲೆಕ್ಟ್ರಾನ್ ಮಾದರಿಗಳನ್ನಾದರೂ ಓಡಿಸಿರಿ. ಪಟ್ಟಿ ಸೊನ್ನೆಯ ಗೆರೆಯನ್ನು ಮುಟ್ಟದ ಕಡೆ ಮಾತ್ರ ಸ್ಥಿರ ಅಥವಾ ಉತ್ಸರ್ಜನೆ ಎಂದು ಬರೆಯಿರಿ. ಮುಟ್ಟುವ ಕಡೆ ಖಾಲಿ ಬಿಡಿ.